ಟ್ಯಾಂಕಿನ ಬೆನ್ನ ಮೇಲಿನ ಗಂಟುಮೂಟೆ

ಈ ಪ್ರವಾಸಕ್ಕೆ ಕಾರಣ ನನ್ನ ಹೆಂಡತಿ ಕೇಳಿದ ಒಂದು ಪ್ರಶ್ನೆ.

ಬಿಡುವಿದ್ದಾಗ ನಾನು ಪ್ಲಾಸ್ಟಿಕ್ ಟ್ಯಾಂಕ್ ಮಾಡೆಲ್ ಜೋಡಿಸುತ್ತೇನೆ, ನಿಜವಾದ ಟ್ಯಾಂಕಿನ ಮೂವತ್ತೈದನೇ ಒಂದು ಪಾಲು ಅಳತೆಯವು. ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕು ಶರ್ಮನ್ ಒಂದನ್ನು ಎರಡು ತಿಂಗಳು ಕೂತು ಮುಗಿಸಿದ್ದೆ. ಅದರ ಮೈಮೇಲೆ ಹಾಸಿಗೆ ಸುರುಳಿ, ಪೆಟ್ಟಿಗೆ, ಪೆಟ್ರೋಲ್ ಕ್ಯಾನು, ಒಂದು ಪುಟ್ಟ ಕೆಟಲ್, ಬಕೆಟ್ಟು ಎಲ್ಲ ಅಂಟಿಸಿ, ಮಸಿ ಬಣ್ಣ ಬಳಿದು, ಹೆಮ್ಮೆಯಿಂದ ಅವಳ ಮುಂದೆ ಇಟ್ಟೆ. ಅವಳು ಕನ್ನಡಕ ಏರಿಸಿ ನೋಡಿದಳು. "ಇದನ್ನೆಲ್ಲ ಎಲ್ಲಿಗೆ ಕಟ್ಟಿದ್ದಾರೆ? ಹಗ್ಗಾನೇ ಕಾಣಲ್ಲ. ಮೊದಲನೇ ತಿರುವಿಗೇ ಎಲ್ಲ ಬಿದ್ದು ಹೋಗಲ್ವೇನ್ರೀ?"

ನನಗೆ ಉತ್ತರ ಗೊತ್ತಿರಲಿಲ್ಲ. ಹಳೆಯ ಫೋಟೋಗಳಲ್ಲಿ ನೋಡಿದರೆ ಯುದ್ಧದ ಟ್ಯಾಂಕು ಮನೆ ಖಾಲಿ ಮಾಡಿಕೊಂಡು ಹೊರಟ ಲಾರಿಯ ಹಾಗೆ ಇರುತ್ತದೆ. ಆದರೆ ಆ ಸಾಮಾನು ಯಾವುದಕ್ಕೆ ಕಟ್ಟಿದೆ, ಯಾಕೆ ಅಲ್ಲೇ ಕಟ್ಟಿದೆ ಅನ್ನೋದು ಫೋಟೋದಲ್ಲಿ ಕಾಣಲ್ಲ. ಹೋಗಿ ನೋಡಿಯೇ ಬಿಡೋಣ ಅಂತ ಅಕ್ಟೋಬರಿನಲ್ಲಿ ಐದು ದಿನ ಹೊರಟೆವು, ಉತ್ತರ ಫ್ರಾನ್ಸಿನಿಂದ ಇಂಗ್ಲೆಂಡಿನಲ್ಲಿ ಟ್ಯಾಂಕ್ ಮ್ಯೂಸಿಯಂ ಇರುವ ಬೊವಿಂಗ್ಟನ್‌ವರೆಗೆ. ವೀಸಾ ಎರಡು ಬೇಕು, ಫ್ರಾನ್ಸಿಗೆ ಷೆಂಗೆನ್, ಇಂಗ್ಲೆಂಡಿಗೆ ಬೇರೆ. ಎರಡಕ್ಕೂ ಸಾಕಷ್ಟು ಮುಂಚೆಯೇ ಅರ್ಜಿ ಹಾಕಿ. ಅಷ್ಟು ಸಾಕು, ಟಿಕೆಟ್ಟಿನ ಪುರಾಣ ಬೇಡ.

ಮೊದಲನೇ ದಿನ: ಫ್ಲೆಸ್ಕಿಯೇರ್

ಪ್ಯಾರಿಸ್ಸಿನಲ್ಲಿ ಚಿಕ್ಕ ಕಾರು ಬಾಡಿಗೆಗೆ ತಗೊಂಡು ಕಾಂಬ್ರೆ ಕಡೆ ಹೊರಟೆವು. ಎರಡು ದೊಡ್ಡ ಸೂಟ್‌ಕೇಸಿಗೆ ಡಿಕ್ಕಿ ಸಾಲಲಿಲ್ಲ, ಒಂದು ಹಿಂದಿನ ಸೀಟಿಗೆ ಬಂತು, ಜಾಕೆಟ್ಟು ಛತ್ರಿಗಳು ಅದರ ಮೇಲೆ. ಹೆದ್ದಾರಿ ಬಿಟ್ಟ ಮೇಲೆ ಸಣ್ಣ ಸಣ್ಣ ಹಳ್ಳಿ ರಸ್ತೆ. ಅಕ್ಟೋಬರಿನಲ್ಲಿ ಈ ಕಡೆ ಸಕ್ಕರೆ ಬೀಟ್‌ರೂಟ್ ಕೀಳುವ ಕಾಲ. ಹೊಲದ ಅಂಚಿನಲ್ಲಿ ಮನೆಯೆತ್ತರ ರಾಶಿ ಹಾಕಿರುತ್ತಾರೆ. ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಜೇಡಿಮಣ್ಣು ರಸ್ತೆಗೆಲ್ಲ ಮೆತ್ತಿರುತ್ತದೆ, ಅದರ ಮೇಲೆ ಜಿಟಿಜಿಟಿ ಮಳೆ. ಎದುರಿಗೆ ಬಂದ ಟ್ರಕ್ಕಿಗೆ ದಾರಿ ಬಿಡೋಣ ಅಂತ ಕಾರನ್ನು ಒಂಚೂರು ಬದಿಗೆ ತಗೊಂಡೆ. ಮುಂದಿನ ಬಲ ಚಕ್ರ ಮೆಲ್ಲಗೆ ಕೆಸರಿಗೆ ಇಳಿಯಿತು. ರಿವರ್ಸ್ ಹಾಕಿದೆ, ಸುಮ್ನೆ ತಿರುಗಿತು. ಮುಂದಕ್ಕೆ ಹಾಕಿದೆ, ಇನ್ನೂ ಇಳಿಯಿತು. ಹೆಂಡತಿ ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಜಾಸ್ತಿಯಾಯಿತು.

ಹತ್ತು ನಿಮಿಷ ಆದ ಮೇಲೆ ಒಬ್ಬ ರೈತ ಟ್ರ್ಯಾಕ್ಟರಿನಲ್ಲಿ ಬಂದ. ಎಳೆದು ಹಾಕುತ್ತಾನೆ ಅಂದುಕೊಂಡರೆ ಅವನು ಹಿಂದೆ ಕಟ್ಟಿದ್ದ ಒಂದು ಹಲಗೆ ಬಿಚ್ಚಿ ತಂದ. ಬೂಟುಗಾಲಿನಲ್ಲಿ ಅದನ್ನು ಚಕ್ರದ ಅಡಿಗೆ ಒದ್ದು ತುರುಕಿ, ಕೈಯಲ್ಲೇ "ನಿಧಾನ, ನಿಧಾನ" ಅಂತ ಸನ್ನೆ ಮಾಡಿದ. ಕಾರು ಹಲಗೆ ಹತ್ತಿ ರಸ್ತೆಗೆ ಬಂತು. ಅವನು ಹಲಗೆಯ ಮಣ್ಣು ಕೊಡವಿ ಮತ್ತೆ ಅದೇ ಜಾಗಕ್ಕೆ ಕಟ್ಟಿಕೊಂಡು ಹೋದ. ನಾನು ಥ್ಯಾಂಕ್ಸ್ ಹೇಳೋದೂ ಅವನಿಗೆ ಕೇಳಿಸಲಿಲ್ಲ.

ಅರ್ಧ ಗಂಟೆಯಲ್ಲಿ ನಾವು ನಿಂತಿದ್ದದ್ದು ಫ್ಲೆಸ್ಕಿಯೇರ್ ಹಳ್ಳಿಯ ಡೆಬೋರಾ ಮುಂದೆ. ಮೊದಲನೇ ಮಹಾಯುದ್ಧದ ಬ್ರಿಟಿಷ್ ಮಾರ್ಕ್ 4 ಟ್ಯಾಂಕು, ನಂಬರ್ ಡಿ51. 1917ರ ನವೆಂಬರ್ 20ರಂದು ಕಾಂಬ್ರೆ ಯುದ್ಧದ ಮೊದಲ ದಿನವೇ ಇದೇ ಹಳ್ಳಿಯಲ್ಲಿ ಶೆಲ್ಲು ತಿಂದು ನಿಂತದ್ದು. ಆಮೇಲೆ ಮಣ್ಣಿನಡಿ ಹೂತು, 1998ರಲ್ಲಿ ಅಗೆದು ತೆಗೆದರು. 2017ರಿಂದ ಅದಕ್ಕೊಂದು ಚಿಕ್ಕ ಮ್ಯೂಸಿಯಂ ಇದೆ. ಹೋಗುವ ಮುಂಚೆ ಯಾವ ದಿನ ರಜೆ ಅಂತ ನೋಡಿಕೊಳ್ಳಿ, ಹಳ್ಳಿ ಮ್ಯೂಸಿಯಂ, ದಿನಾ ತೆರೆದಿರಲ್ಲ. ಒಳಗೆ ಹೆಚ್ಚು ಬೆಳಕಿಲ್ಲ, ಹರಿದ ಕಬ್ಬಿಣ, ಅಷ್ಟೇ. ಮುಂಭಾಗಕ್ಕೆ ಬಿದ್ದ ಏಟು ನೋಡಿದರೆ ಒಳಗಿದ್ದವರ ಗತಿ ಯಾರೂ ಹೇಳಬೇಕಿಲ್ಲ.

ಈ ಟ್ಯಾಂಕಿನಲ್ಲಿ ಎಂಟು ಜನ. ಎಂಜಿನ್ ನಡುವಿನಲ್ಲಿ, ಅದಕ್ಕೂ ಜನಕ್ಕೂ ಮಧ್ಯೆ ಗೋಡೆ ಕೂಡ ಇಲ್ಲ. ಹಾಗಾಗಿ ದೊಡ್ಡದೇನಿದ್ದರೂ ಅದಕ್ಕೆ ಜಾಗ ಹೊರಗೆ. ಮಾರ್ಕ್ 4ರಲ್ಲಿ ಪೆಟ್ರೋಲ್ ಟ್ಯಾಂಕನ್ನೇ ಉಕ್ಕಿನ ಹೊದಿಕೆ ಹಾಕಿ ಹಿಂಭಾಗಕ್ಕೆ ಸಾಗಿಸಿದರು. ಇನ್ನೊಂದು ಮುಖ್ಯವಾದ ಸಾಮಾನು ಮರದ ತೊಲೆ. ಟ್ಯಾಂಕಿನ ನೆತ್ತಿ ಮೇಲೆ ಉದ್ದಕ್ಕೂ ಎರಡು ಕಂಬಿ, ಅದರ ಮೇಲೆ ಅಡ್ಡಡ್ಡ ಈ ತೊಲೆ. ಟ್ಯಾಂಕು ಕೆಸರಿನಲ್ಲಿ ಹೂತರೆ ಒಬ್ಬ ಹೊರಗೆ ಬಂದು ತೊಲೆಯನ್ನು ಸರಪಳಿಯಿಂದ ಎರಡೂ ಬದಿಯ ಟ್ರ್ಯಾಕಿಗೆ, ಅಂದರೆ ಟ್ಯಾಂಕು ಓಡುವ ಉಕ್ಕಿನ ಪಟ್ಟಿಗೆ, ಬಿಗಿಯಬೇಕು. ಟ್ರ್ಯಾಕು ತಿರುಗಿದಾಗ ತೊಲೆ ಮುಂದೆ ಹೋಗಿ ಕೆಳಗಿಳಿದು ಹೊಟ್ಟೆಯಡಿ ಸೇರಿಕೊಳ್ಳುತ್ತದೆ, ಟ್ಯಾಂಕು ಅದರ ಮೇಲೆ ಹತ್ತಿ ಈಚೆ ಬರುತ್ತದೆ. ಗೈಡ್ ಹುಡುಗಿ ಇದನ್ನು ವಿವರಿಸುತ್ತಿದ್ದಾಗ ನನ್ನ ಹೆಂಡತಿ ನನ್ನ ಕಡೆ ತಿರುಗಿ, "ಆ ಹಲಗೆ!" ಅಂದಳು. ಅದೇ. ರೈತನ ಹಲಗೆಯ ದೊಡ್ಡಣ್ಣ.

ಕಾಂಬ್ರೆಗೆ ಮಾತ್ರ ಇನ್ನೊಂದು ಹೊರೆ ಏರಿಸಿದ್ದರು. ಜರ್ಮನ್ ಕಂದಕ ತುಂಬ ಅಗಲ, ಟ್ಯಾಂಕು ದಾಟುವಂತಿರಲಿಲ್ಲ. ಅದಕ್ಕೆ ಪೊದೆಕಡ್ಡಿಗಳನ್ನು ದೊಡ್ಡ ಹೊರೆ ಕಟ್ಟಿ, ಸರಪಳಿ ಸುತ್ತಿ, ಎರಡು ಟ್ಯಾಂಕುಗಳಿಂದ ಎರಡು ಕಡೆಗೆ ಎಳೆಸಿ ಬಿಗಿ ಮಾಡಿದರು. ಒಂದೊಂದು ಹೊರೆ ಒಂದೂವರೆ ಟನ್ನಿಗೂ ಜಾಸ್ತಿ ತೂಗುತ್ತಿತ್ತು. ಅದನ್ನು ಟ್ಯಾಂಕಿನ ಹಣೆ ಮೇಲೆ ಕೂರಿಸಿಕೊಂಡು ಹೋಗಿ, ಕಂದಕದ ಅಂಚಿನಲ್ಲಿ ಬೀಳಿಸಿ, ಅದರ ಮೇಲೆ ಹತ್ತಿ ಆಚೆಗೆ ಹೋಗೋದು. ಒಂದು ಟ್ಯಾಂಕಿಗೆ ಒಂದೇ ಹೊರೆ, ಒಂದೇ ಅವಕಾಶ.

ಮ್ಯೂಸಿಯಂ ಪಕ್ಕದಲ್ಲೇ ಸ್ಮಶಾನ. ಡೆಬೋರಾದ ಎಂಟು ಜನರಲ್ಲಿ ಐದು ಜನ ಅಲ್ಲೇ ಇದ್ದಾರೆ. ಹುಲ್ಲು ನೆನೆದು ಬೂಟೆಲ್ಲ ಒದ್ದೆಯಾಯಿತು. ರಾತ್ರಿ ಕಾಂಬ್ರೆಯಲ್ಲಿ ಆಲೂಗಡ್ಡೆ ಫ್ರೈ, ಮೊಟ್ಟೆ, ಆಮೇಲೆ ಈ ಊರಿನ ಪುದೀನ ರುಚಿಯ ಮಿಠಾಯಿ. ನಾವು ಮಾಂಸ ತಿನ್ನಲ್ಲ, ಹಾಗಾಗಿ ಇಡೀ ಪ್ರವಾಸದಲ್ಲಿ ಮೊಟ್ಟೆಯೇ ದೇವರು.

ಎರಡನೇ ದಿನ: ವಿಮೂತಿಯೇ

ಬೆಳಿಗ್ಗೆ ಬೇಗ ಹೊರಟು ನಾರ್ಮಂಡಿ ಕಡೆಗೆ. ನಾಲ್ಕು ಗಂಟೆ ಡ್ರೈವಿಂಗು, ಅದರಲ್ಲಿ ಮೊದಲ ಮೂರು ಬೇಜಾರು. ಕೊನೆಯ ಒಂದು ಗಂಟೆ ಮಾತ್ರ ಚೆನ್ನ. ಗುಡ್ಡ, ಬೇಲಿ, ಹಸು, ಮತ್ತೆ ಸೇಬಿನ ತೋಟ. ಮರದಡಿ ಹುಲ್ಲಿನ ಮೇಲೆ ಸೇಬು ರಾಶಿ ಬಿದ್ದಿತ್ತು, ಕಿಟಕಿ ಇಳಿಸಿದರೆ ಹುಳಿ ವಾಸನೆ. ತಿನ್ನೋ ಸೇಬಲ್ಲ ಅವು, ಸೈಡರ್ ಅನ್ನೋ ಪಾನೀಯ ಮಾಡೋವು. ನಾನು ಒಂದು ಕಚ್ಚಿ ನೋಡಿ ಹಲ್ಲು ಜುಮ್ಮೆಂದು ಎಸೆದೆ.

ವಿಮೂತಿಯೇ ಊರಾಚೆ ರಸ್ತೆ ಬದಿಯಲ್ಲಿ ಒಂದು ಜರ್ಮನ್ ಟೈಗರ್ ಟ್ಯಾಂಕು ನಿಂತಿದೆ. ಟಿಕೆಟ್ಟಿಲ್ಲ, ಬೇಲಿಯಿಲ್ಲ. ತಿರುವಿನಲ್ಲಿ ಥಟ್ಟನೆ ಎದುರಾಗುತ್ತದೆ, ನಿಧಾನಕ್ಕೆ ಹೋಗದಿದ್ದರೆ ದಾಟಿಬಿಡುತ್ತೀರಿ. ನಾವು ದಾಟಿಬಿಟ್ಟೆವು, ತಿರುಗಿಸಿಕೊಂಡು ಬರಬೇಕಾಯಿತು. 1944ರ ಆಗಸ್ಟಿನಲ್ಲಿ ಫಲೇಸ್ ಕಡೆಯಿಂದ ಜರ್ಮನ್ನರು ಹಿಂದೆ ಸರಿಯುವಾಗ ಬಿಟ್ಟು ಹೋದದ್ದು. 57 ಟನ್ನಿನ ಸಾಮಾನು, ಹೊತ್ತುಕೊಂಡು ಹೋಗೋರು ಯಾರು! ಆದರೆ ಅದರ ಮೈಮೇಲಿದ್ದ ಸಣ್ಣಪುಟ್ಟದನ್ನು ಮಾತ್ರ ಹೊತ್ತುಕೊಂಡು ಹೋಗಿದ್ದಾರೆ. ಒಂದೂ ಉಳಿದಿಲ್ಲ. ಬೋಳು.

ನಾನು ಫೋನಿನಲ್ಲಿ ಹಳೆಯ ಫೋಟೋ ಇಟ್ಟುಕೊಂಡು ಸುತ್ತ ತಿರುಗಿದೆ. ಟೈಗರ್ ಹೊರಗೆ ಏನೇನಿತ್ತು ಅಂದರೆ, ಮುಂಭಾಗದ ಇಳಿಜಾರಿನಲ್ಲಿ ಸಲಿಕೆ. ಮೇಲುಗಡೆ ಎರಡು ಬದಿಗೂ ದಪ್ಪ ಉಕ್ಕಿನ ಹಗ್ಗ, ಇನ್ನೊಂದು ಟ್ಯಾಂಕನ್ನು ಎಳೆಯೋದಕ್ಕೆ. ಎಡಗಡೆ ತೆಳ್ಳಗಿನ ಹಗ್ಗ ಬೇರೆ, ಅದು ಕಳಚಿದ ಟ್ರ್ಯಾಕನ್ನು ಎಳೆದು ಹಾಕೋದಕ್ಕೆ. ಫಿರಂಗಿ ಕೊಳವೆ ಉಜ್ಜುವ ಕೋಲಿನ ತುಂಡುಗಳು, ಕೊಡಲಿ, ಸುತ್ತಿಗೆ, ಹಿಂದೆ ಜಾಕು, ಆ ಜಾಕಿನ ಕೆಳಗಿಡೋ ಮರದ ತುಂಡು. ಟರೆಟ್ಟಿನ, ಅಂದರೆ ಫಿರಂಗಿ ಸಮೇತ ತಿರುಗುವ ಗೋಪುರದ, ಬದಿಗೆ ಟ್ರ್ಯಾಕಿನ ಬಿಡಿ ಕೊಂಡಿಗಳು, ಹಿಂದೆ ಒಂದು ದೊಡ್ಡ ತಗಡಿನ ಪೆಟ್ಟಿಗೆ. ಸಿಬ್ಬಂದಿಯ ಸ್ವಂತ ಸಾಮಾನೆಲ್ಲ ಆ ಪೆಟ್ಟಿಗೆಯಲ್ಲಿ. ಜರ್ಮನ್ ಟ್ಯಾಂಕುಗಳ ಈ ಪೆಟ್ಟಿಗೆಗೆ ಅವರ ಸೇನಾಪತಿಯ ಹೆಸರಿನಲ್ಲಿ ರೋಮೆಲ್ ಪೆಟ್ಟಿಗೆ ಅಂತ ಅಡ್ಡಹೆಸರು.

ಹೆಂಡತಿ ಛತ್ರಿ ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು. "ಒಳಗೆ ಇಟ್ಕೋಬಹುದಿತ್ತಲ್ವಾ? ಇಷ್ಟು ದೊಡ್ಡ ಗಾಡಿ."

ದೊಡ್ಡದು ಹೌದು, ಆದರೆ ಒಳಗೆ ಐದು ಜನ ಮತ್ತು 92 ಫಿರಂಗಿ ಗುಂಡು. ಒಂದೊಂದು ಗುಂಡೂ ಮಗುವಿನಷ್ಟು ಉದ್ದ. ಉಳಿದ ಜಾಗದಲ್ಲಿ ಮೊಣಕಾಲು ಮಡಚೋಕೂ ಕಷ್ಟ. ಇನ್ನೊಂದು ವಿಷಯ ಅಲ್ಲೇ ನಿಂತಾಗ ಹೊಳೆಯಿತು. ಸಲಿಕೆ, ಜಾಕು, ಹಗ್ಗ, ಇದೆಲ್ಲ ಬೇಕಾಗೋದು ಹೊರಗೆ. ಕೆಟ್ಟು ನಿಂತ ಟ್ಯಾಂಕಿನಿಂದ ಇಳಿದವನು ಜಾಕಿಗೋಸ್ಕರ ಮತ್ತೆ ಒಳಗೆ ತೂರಬೇಕಾ? ಎಳೆಯೋ ಹಗ್ಗವನ್ನಂತೂ ಸುತ್ತಿ ಇಡುತ್ತಲೇ ಇರಲಿಲ್ಲ, ಉದ್ದಕ್ಕೆ ಚಾಚಿ ಕೊಕ್ಕೆಗೆ ಕೂರಿಸುತ್ತಿದ್ದರು. ಗುಂಡು ಹಾರುತ್ತಿರುವಾಗ ಸಿಕ್ಕು ಬಿಡಿಸ್ಕೊಂಡು ಕೂರೋಕಾಗಲ್ಲ.

ಕಣ್ಣು ಹತ್ತಿರ ತಗೊಂಡು ಹೋದೆ. ಬಳಿದ ಬಣ್ಣದ ಕೆಳಗೆ ಸಾಸಿವೆ ಸಿಡಿದ ಹಾಗೆ ಉಬ್ಬುಗಳು. ವೆಲ್ಡಿಂಗ್ ಗುರುತು. ಕ್ಲಿಪ್ಪು ಕಿತ್ತು ಹೋಗಿದೆ, ಅದರ ಬೇರು ಉಳಿದಿದೆ. ಹಗ್ಗ ಕಾಣಬೇಕಿದ್ದ ಕಡೆ ಬೆರಳಿಟ್ಟರೆ ಈ ಉಬ್ಬುಗಳು ಒಂದಾದ ಮೇಲೊಂದು ಸಿಗುತ್ತಾ ಹೋದವು, ಕುರುಡರ ಲಿಪಿ ಓದಿದ ಹಾಗೆ. ಆಮೇಲೆ ಇಡೀ ಪ್ರವಾಸದಲ್ಲಿ ನಾನು ಟ್ಯಾಂಕು ನೋಡಿದ್ದಕ್ಕಿಂತ ಈ ಉಬ್ಬು, ಕೊಕ್ಕೆ, ಬಳೆಗಳನ್ನು ನೋಡಿದ್ದೇ ಜಾಸ್ತಿ.

ಕಮಂಬೇರ್ ಹಳ್ಳಿ ಅಲ್ಲಿಂದ ಹತ್ತು ನಿಮಿಷ. ಚೀಸಿನ ಹೆಸರಿಗೆ ಕಾರಣವಾದ ಊರೇ ಅದು. ಬಿಡೋದು ಹೇಗೆ? ಒಂದು ಮರದ ಡಬ್ಬಿ ತಗೊಂಡೆ. ಹದಿನೈದು ನಿಮಿಷಕ್ಕೆ ಕಾರಿನಲ್ಲಿ ಕೂರೋಕಾಗಲಿಲ್ಲ, ಒದ್ದೆ ಕಾಲುಚೀಲವನ್ನು ಹೀಟರ್ ಮೇಲೆ ಇಟ್ಟ ಹಾಗೆ. ರಾತ್ರಿ ರೂಮಿಗೂ ಅದನ್ನು ಬಿಟ್ಟುಕೊಳ್ಳಲು ಇವಳು ಒಪ್ಪಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಟಕಿಯ ಹೊರಗಿನ ಕೊಕ್ಕೆಗೆ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಚೀಲದ ಹಿಡಿ ಮಾತ್ರ ನೇತಾಡುತ್ತಿತ್ತು. ಡಬ್ಬಿ ಕೆಳಗಿನ ಹೂವಿನ ಪಾತಿಯಲ್ಲಿ, ಖಾಲಿ.

ಮೂರನೇ ದಿನ: ಸಮುದ್ರ, ಮತ್ತೆ ಒಂದು ಗುಜರಿ ಅಂಗಡಿ

ಕೂರ್ಸೊಲ್ ಊರಿನ ಬೀಚಿಗೆ ಹೋಗುವಷ್ಟರಲ್ಲಿ ಗಾಳಿ ಎಂಥದ್ದು ಅಂದ್ರೆ ಛತ್ರಿ ಎರಡೇ ನಿಮಿಷಕ್ಕೆ ತಿರುವುಮುರುವಾಯಿತು. ನಾರ್ಮಂಡಿಗೆ ಛತ್ರಿ ತರಬೇಡಿ, ಟೋಪಿ ಇರುವ ರೇನ್‌ಕೋಟು ತನ್ನಿ. ಇಲ್ಲಿ ಚೌಕದಲ್ಲಿ ಬೋಲ್ಡ್ ಅನ್ನೋ ಶರ್ಮನ್ ಟ್ಯಾಂಕು ಇದೆ, ಸುತ್ತ ದಪ್ಪ ಬಟ್ಟೆಯ ಪರದೆ ಎಬ್ಬಿಸಿಕೊಂಡು ಸಮುದ್ರದಲ್ಲಿ ತೇಲಿ ಬರುತ್ತಿದ್ದ ಜಾತಿಯದ್ದು. ಮುಳುಗಿ ಹೋಗಿತ್ತು, ದಶಕಗಳ ನಂತರ ಮೇಲೆತ್ತಿದರು. ಉಪ್ಪು ತಿಂದ ಕಬ್ಬಿಣ ಮುಟ್ಟಿದರೆ ಮರದ ತೊಗಟೆ ಮುಟ್ಟಿದ ಹಾಗಿದೆ.

ಅಲ್ಲಿಂದ ಸೇತುವೆ ದಾಟಿ ಒಂದಿಷ್ಟು ನಡೆದರೆ ಗ್ರೇ-ಸುರ್-ಮೇರ್. ಮರಳ ದಿಬ್ಬದ ಹತ್ತಿರ ಇನ್ನೊಂದು ಟ್ಯಾಂಕು, ಚರ್ಚಿಲ್ ಅನ್ನೋ ಬ್ರಿಟಿಷ್ ಜಾತಿಯದ್ದು, ಹೆಸರು ಒನ್ ಚಾರ್ಲಿ. ಇದರ ಕಥೆ ಅಲ್ಲಿ ನಾಯಿ ಕರೆದುಕೊಂಡು ಬಂದಿದ್ದ ಒಬ್ಬ ಅಜ್ಜ ಹೇಳಿದರು, ಅರ್ಧ ಇಂಗ್ಲಿಷ್, ಉಳಿದರ್ಧ ಕೈಸನ್ನೆ. 1944ರ ಜೂನ್ 6ರಂದು, ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದ ದಿನ, ಇದೂ ಮುಂದೆ ಕಡ್ಡಿಹೊರೆ ಹೊತ್ತುಕೊಂಡು ಬಂತು. ಫ್ಲೆಸ್ಕಿಯೇರಿನಲ್ಲಿ ಕೇಳಿದ್ದೆವಲ್ಲ, ಅದೇ ಹೊರೆ, 27 ವರ್ಷದ ನಂತರ, ಅದೇ ಕೆಲಸಕ್ಕೆ. ಬೀಚಿನಿಂದ ಒಳಗೆ ಹೋಗುವ ದಾರಿಯಲ್ಲಿ ನೀರು ತುಂಬಿದ ದೊಡ್ಡ ಹೊಂಡ. ಅದನ್ನು ಮುಚ್ಚಲು ಬಂದ ಟ್ಯಾಂಕೇ ಜಾರಿ ಹೊಂಡಕ್ಕೆ ಬಿತ್ತು. ಹೊರಗೆ ಬಂದವರಲ್ಲಿ ಹೆಚ್ಚಿನವರು ಮಾರ್ಟರ್ ಏಟಿಗೆ ಸತ್ತರು. ಹಿಂದೆ ಬರೋರಿಗೆ ಕಾಯೋಕೆ ಸಮಯ ಇರಲಿಲ್ಲ, ಮುಳುಗಿದ ಟ್ಯಾಂಕಿನ ಮೇಲೇ ಸೇತುವೆ ಹಾಕಿ, ಕಲ್ಲುಮಣ್ಣು ತುಂಬಿ ದಾಟಿದರು. ಟ್ಯಾಂಕು ದಾರಿಯಡಿಯಲ್ಲೇ ಉಳಿಯಿತು, 1976ರವರೆಗೆ. ಅಜ್ಜ ಕಾಲಿನಿಂದ ನೆಲ ಕುಟ್ಟಿ ತೋರಿಸಿದರು, ಇಲ್ಲಿ, ಕೆಳಗೆ. ನಾಯಿ ನನ್ನ ಬೂಟು ಮೂಸುತ್ತಾ ನಿಂತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಕೂರ್ಸೊಲ್‌ನಲ್ಲಿ ಎಲ್ಲರೂ ಸಿಂಪಿ ತಿನ್ನುತ್ತಿದ್ದರು. ನಾವು ಹುರುಳಿ ಹಿಟ್ಟಿನ ಥರ ಕಪ್ಪಗೆ ಕಾಣುವ ಗ್ಯಾಲೆಟ್ ದೋಸೆ, ಮಧ್ಯೆ ಮೊಟ್ಟೆ. ಗರಿಗರಿ, ಅಂಚಿನಲ್ಲಿ ಬೆಣ್ಣೆ. ಎರಡೆರಡು ತಿಂದೆವು. ಮಾಂಸ ಬೇಡ ಅಂದ್ರೆ ಹ್ಯಾಮ್ ಬೇಡ ಅಂತಲೂ ಬಿಡಿಸಿ ಹೇಳಬೇಕು, ಅವರ ಲೆಕ್ಕದಲ್ಲಿ ಹ್ಯಾಮ್ ಅಲಂಕಾರ ಇದ್ದ ಹಾಗೆ.

ಬಾಯೂ ಕಡೆ ಹೋಗುವಾಗ ರಸ್ತೆ ಬದಿ ಒಂದು ಹಳೇ ಸಾಮಾನಿನ ಕೊಟ್ಟಿಗೆ. ಬಾಗಿಲಲ್ಲಿ ಕುರ್ಚಿ, ಹಾಲಿನ ಕ್ಯಾನು, ಗೊಂಬೆ ಗಾಡಿ. ಆ ಮೂಲೆಯಲ್ಲಿ ತುಕ್ಕು ಹಿಡಿದ ಜೆರ್ರಿಕ್ಯಾನ್. ನಾನು ಬ್ರೇಕ್ ಹಾಕಿದ್ದು ಎಷ್ಟು ಜೋರಾಗಿತ್ತು ಅಂದ್ರೆ ಹಿಂದಿನ ಸೀಟಿನ ಸೂಟ್‌ಕೇಸು ಇವಳ ಬೆನ್ನಿಗೆ ಬಡಿಯಿತು. ಅದನ್ನು ಕಟ್ಟಿರಲಿಲ್ಲವಲ್ಲ.

ಕ್ಯಾನಿನ ಮೇಲೆ 1943 ಅಂತ ಒತ್ತಿದ ಅಕ್ಷರ. ಜರ್ಮನ್ನರು 1930ರ ದಶಕದಲ್ಲಿ ಮಾಡಿದ 20 ಲೀಟರಿನ ಕ್ಯಾನು ಇದು. ಕೈಗೆ ತಗೊಂಡರೆ ಯಾಕೆ ಎಲ್ಲರೂ ಇದನ್ನೇ ನಕಲು ಮಾಡಿದರು ಅಂತ ತಿಳಿಯುತ್ತದೆ. ಹಿಡಿ ಮೂರು ಇದೆ, ಒಂದಲ್ಲ. ನಡುವಿನ ಹಿಡಿ ಹಿಡಿದು ಒಬ್ಬ ಒಯ್ಯಬಹುದು, ಆಚೀಚೆ ಹಿಡಿ ಹಿಡಿದು ಇಬ್ಬರು ಒಯ್ಯಬಹುದು. ಖಾಲಿ ಕ್ಯಾನುಗಳಾದರೆ ಪಕ್ಕಪಕ್ಕದ ಎರಡನ್ನು ಒಂದೇ ಕೈಯಲ್ಲಿ ಎತ್ತಬಹುದು. ಹೊಟ್ಟೆಯ ಮೇಲಿನ ಅಡ್ಡಗೆರೆ ಚಂದಕ್ಕಲ್ಲ, ತಗಡು ಉಬ್ಬಿ ಒಡೆಯದಿರಲು. ಮುಚ್ಚಳಕ್ಕೆ ತಿರುಪಿಲ್ಲ, ಒಂದು ಲಿವರ್ ಒತ್ತಿದರೆ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ನಾನು ಹತ್ತು ಸಲ ಒತ್ತಿದೆ. ಚಪ್ಪಟೆ ಇರೋದರಿಂದ ಟ್ಯಾಂಕಿನ ಬದಿಗೆ ಸಾಲಾಗಿ ನಿಲ್ಲಿಸಿ ಒಂದು ಪಟ್ಟಿ ಬಿಗಿದರೆ ಅಲ್ಲಾಡಲ್ಲ.

ಬ್ರಿಟಿಷರ ಹತ್ತಿರ ಉತ್ತರ ಆಫ್ರಿಕಾದ ಮರುಭೂಮಿ ಯುದ್ಧದ ಹೊತ್ತಿಗೆ ಇದ್ದದ್ದು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬಿ. ಸೋರಿ ಸೋರಿ ಪೆಟ್ರೋಲೆಲ್ಲ ಮರಳಿಗೆ. ಆದರೆ ಆ ಡಬ್ಬಿಗೂ ಒಂದು ಉಪಯೋಗ ಕಂಡುಕೊಂಡರು. ಅರ್ಧಕ್ಕೆ ಕತ್ತರಿಸಿ, ಮರಳು ತುಂಬಿ, ಪೆಟ್ರೋಲ್ ಸುರಿದು ಹಚ್ಚಿದರೆ ಒಲೆ. ಬೆಂಗಾಝಿ ಒಲೆ ಅಂತಲೇ ಅದಕ್ಕೆ ಹೆಸರು. ಚಹಾ ಆದ ಮೇಲೆ ಮಸಿ ಹಿಡಿದ ಪಾತ್ರೆಯನ್ನು ಒಳಗೆ ಯಾರು ತಗೋತಾರೆ? ಟ್ಯಾಂಕಿನ ಹಿಂದೆ ಕೊಕ್ಕೆಗೆ ನೇತು ಹಾಕೋದು, ಹೊರಡೋದು.

ಕ್ಯಾನಿಗೆ ಅವನು ನಲವತ್ತು ಯೂರೋ ಹೇಳಿದ. ನಾನು ಪರ್ಸಿಗೆ ಕೈ ಹಾಕಿದೆ. "ಎಲ್ಲಿ ಇಡ್ತೀರಿ ಅದನ್ನ?" ಅಂದಳು ಇವಳು. ಡಿಕ್ಕಿ ತುಂಬಿದೆ, ಸೀಟು ತುಂಬಿದೆ, ಪೆಟ್ರೋಲ್ ವಾಸನೆ ಬೇರೆ, ವಿಮಾನದವರು ಹತ್ತಿಸಲ್ಲ. ವಾಪಸ್ ಇಟ್ಟೆ. ಇನ್ನೂ ನೆನಪಾಗುತ್ತೆ.

ಬಾಯೂ ಮ್ಯೂಸಿಯಮ್ಮಿನ ಹೊರಗಿನ ಶರ್ಮನ್ ಹತ್ತಿರ ನಿಂತಾಗ ಮಳೆ ಧೋ ಅಂತ ಬಂತು. ಅಮೆರಿಕನ್ನರು ಶರ್ಮನ್ ಮೇಲೆ ಹೇರಿದಷ್ಟು ಇನ್ಯಾರೂ ಹೇರಿರಲಿಕ್ಕಿಲ್ಲ. ಅದರಲ್ಲೂ ಮರಳು ಚೀಲ. ಜರ್ಮನ್ ರಾಕೆಟ್ಟಿನ ಭಯಕ್ಕೆ ಮುಂದೆ, ಬದಿಗೆ, ಸಿಕ್ಕಲ್ಲೆಲ್ಲ ಚೀಲ ಪೇರಿಸಿದರು, ಕೆಲವು ಕಡೆ ಚೀಲ ಹಿಡಿದಿಡಲು ಕಂಬಿಯ ಪಂಜರವನ್ನೇ ವೆಲ್ಡ್ ಮಾಡಿದರು. ಜನರಲ್ ಪ್ಯಾಟನ್‌ಗೆ ಇದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಭಾರ ಜಾಸ್ತಿಯಾಗಿ ಎಂಜಿನ್ನು, ಸಸ್ಪೆನ್ಷನ್ನು ಹಾಳಾಗುತ್ತೆ, ಗುಂಡಂತೂ ನಿಲ್ಲಲ್ಲ ಅಂತ ಅವರ ವಾದ. ವಾದ ಸರಿಯೇ ಇರಬಹುದು. ಆದರೆ ಒಳಗೆ ಕೂತವನಿಗೆ ಆ ಚೀಲ ಕಂಡರೆ ನಿದ್ದೆ ಬರುತ್ತಿತ್ತು ಅಂದ್ರೆ, ನಾನಾಗಿದ್ದರೂ ಪೇರಿಸುತ್ತಿದ್ದೆ.

ನಾಲ್ಕನೇ ದಿನ: ಹಡಗು

ಷೆರ್ಬೂರ್‌ನಲ್ಲಿ ಕಾರು ವಾಪಸ್ ಕೊಟ್ಟು, ನಡೆದೇ ಹಡಗು ಹತ್ತಿದೆವು, ಇಂಗ್ಲೆಂಡಿನ ಪೂಲ್ ಬಂದರಿಗೆ. ಕಾರನ್ನು ಆಚೆ ಒಯ್ಯೋ ಗೋಜು ಬೇಡ, ಸ್ಟಿಯರಿಂಗು ತಪ್ಪು ಬದಿಗೆ ಬರುತ್ತದೆ. ಸಮುದ್ರ ಏರುಪೇರು. ಇವಳು ಕಣ್ಣು ಮುಚ್ಚಿಕೊಂಡು ಶುಂಠಿ ಚೂರು ಜಗಿಯುತ್ತಾ ಕೂತಿದ್ದಳು. ನಾನು ಫೋಟೋ ನೋಡ್ತೀನಿ ಅಂತ ಫೋನು ತೆಗೆದು ಹತ್ತೇ ನಿಮಿಷಕ್ಕೆ ಬಚ್ಚಲಿಗೆ ಓಡಿದೆ. ಆ ದಿನದ ಬಗ್ಗೆ ಇಷ್ಟು ಸಾಕು.

ಐದನೇ ದಿನ: ಬೊವಿಂಗ್ಟನ್

ಪೂಲ್‌ನಿಂದ ರೈಲಿನಲ್ಲಿ ವೂಲ್ ಅನ್ನೋ ಪುಟ್ಟ ಸ್ಟೇಷನ್. ಅಲ್ಲಿಂದ ಮ್ಯೂಸಿಯಂ ಸುಮಾರು ಮೂರು ಕಿಲೋಮೀಟರ್. ಮಳೆ ನಿಂತಿತ್ತು, ನಡೆದೆವು. ರಸ್ತೆಯಲ್ಲಿ ಟ್ಯಾಂಕು ಅಡ್ಡ ಬರುತ್ತೆ, ಎಚ್ಚರಿಕೆ ಅನ್ನೋ ಬೋರ್ಡು, ಬೇರೆ ಕಡೆ ಹಸು ಬರುತ್ತೆ ಅಂತ ಹಾಕೋ ಹಾಗೆ. ಪಕ್ಕದಲ್ಲೇ ಸೇನೆಯ ತರಬೇತಿ ಜಾಗ.

ಒಳಗೆ ಸುಮಾರು 300 ಗಾಡಿಗಳು. ಒಂದು ದಿನ ಸಾಲಲ್ಲ, ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ. 1943ರಲ್ಲಿ ಟ್ಯುನೀಷಿಯಾದಲ್ಲಿ ಸೆರೆ ಸಿಕ್ಕಿದ ಟೈಗರ್ 131 ಇಲ್ಲೇ ಇರೋದು. ಅದು ಓಡೋದು ನೋಡಬೇಕಿದ್ದರೆ ಟೈಗರ್ ಡೇ ಅಂತ ವಿಶೇಷ ದಿನಗಳಿವೆ, ಆ ದಿನ ಜನಜಾತ್ರೆ. ನಮಗೆ ನಿಂತಿದ್ದೇ ಸಾಕಾಗಿತ್ತು. ವಿಮೂತಿಯೇಯಲ್ಲಿ ಬೆರಳಿಗೆ ಸಿಕ್ಕಿದ್ದ ಉಬ್ಬುಗಳ ಜಾಗದಲ್ಲಿ ಇಲ್ಲಿ ನಿಜವಾದ ಹಗ್ಗ ಮಲಗಿತ್ತು.

ಫೈರ್‌ಫ್ಲೈ ಅನ್ನೋ ಟ್ಯಾಂಕಿನ ಹತ್ತಿರ ನಾನು ಬಗ್ಗಿ ನೋಡುತ್ತಿದ್ದಾಗ ಹಿಂದಿನಿಂದ ಒಬ್ಬರು "ಏನಾದರೂ ಕಳೆದುಕೊಂಡ್ರಾ?" ಅಂತ ಕೇಳಿದರು. ಮ್ಯೂಸಿಯಮ್ಮಿನ ಸ್ವಯಂಸೇವಕರು, ಎಪ್ಪತ್ತು ದಾಟಿದ ವಯಸ್ಸು, ಕೈಗಳು ಸಲಿಕೆಯ ಹಾಗೆ ಅಗಲ. ಚೀಫ್‌ಟನ್ ಅನ್ನೋ ಬ್ರಿಟಿಷ್ ಟ್ಯಾಂಕಿನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಕೆಲಸ ಮಾಡಿದವರು. ಹೊರಗಿನ ಸಾಮಾನು ನೋಡೋಕೆ ಅಷ್ಟು ದೂರದಿಂದ ಬಂದಿದ್ದೀವಿ ಅಂದಾಗ ಅವರು ಜೋರಾಗಿ ನಕ್ಕರು. ಆಮೇಲೆ ಎರಡು ಗಂಟೆ ನಮ್ಮನ್ನು ಬಿಡಲಿಲ್ಲ.

ಫೈರ್‌ಫ್ಲೈ ಅಂದ್ರೆ ಬ್ರಿಟಿಷರು ದೊಡ್ಡ 17 ಪೌಂಡರ್ ಫಿರಂಗಿ ತುರುಕಿದ ಶರ್ಮನ್. ಫಿರಂಗಿ ಹಿಂಭಾಗ ಎಷ್ಟು ಜಾಗ ತಿಂದಿತು ಅಂದ್ರೆ ರೇಡಿಯೋಗೇ ಜಾಗವಿಲ್ಲದೆ, ಟರೆಟ್ಟಿನ ಹಿಂಬದಿ ಕೊರೆದು, ಅದಕ್ಕೊಂದು ಉಕ್ಕಿನ ಪೆಟ್ಟಿಗೆ ಬೆಸೆದು ಅಲ್ಲಿಟ್ಟರು. ಚಾಲಕನ ಪಕ್ಕದವನ ಸೀಟು ತೆಗೆದು ಅಲ್ಲಿ ಗುಂಡು ತುಂಬಿದರು. "ಮನುಷ್ಯನಿಗೇ ಜಾಗ ಇಲ್ಲ, ಇನ್ನು ಕಂಬಳಿಗೆ ಎಲ್ಲಿಂದ ಬರುತ್ತೆ?" ಅಂದರು.

ಹೆಂಡತಿ ತನ್ನ ಪ್ರಶ್ನೆ ಬಿಟ್ಟಿರಲಿಲ್ಲ. "ಯಾವುದಕ್ಕೆ ಕಟ್ತಿದ್ರು ಅಂತ ಕೇಳ್ರೀ." ಕೇಳಿದೆ. ಅವರು ಕೆಳಗೆ ಕೂತು ತೋರಿಸಿದರು. ಟ್ಯಾಂಕಿನ ಮೈಮೇಲೆ ಅಲ್ಲಲ್ಲಿ ಬೆರಳು ತೂರುವಷ್ಟು ಚಿಕ್ಕ ಬಳೆಗಳು ಬೆಸೆದಿರುತ್ತವೆ. ಪಟ್ಟಿ ಅದರಲ್ಲಿ ತೂರಿಸಿ ಬಕಲ್ಲು ಬಿಗಿಯೋದು. ಯಾವ ಸಲಿಕೆ ಯಾವ ಬಳೆಗೆ ಅಂತ ಸೇನೆಯಿಂದ ಚಿತ್ರ ಸಮೇತ ಪುಸ್ತಕವೇ ಬರುತ್ತಿತ್ತು. ಆಗಾಗ ಟಾರ್ಪಾಲು ಹಾಸಿ, ಅದರ ಮೇಲೆ ಎಲ್ಲ ಸಾಮಾನು ಸಾಲಾಗಿ ಇಟ್ಟು ಲೆಕ್ಕ ಒಪ್ಪಿಸಬೇಕು. ಒಂದು ಸ್ಪ್ಯಾನರ್ ಕಡಿಮೆಯಾದರೆ ಪಕ್ಕದ ಟ್ಯಾಂಕಿನಿಂದ ಒಂದು ಕಾಣೆಯಾಗುತ್ತದೆ, ಅಂತ ಕಣ್ಣು ಮಿಟುಕಿಸಿದರು.

ಪುಸ್ತಕದಲ್ಲಿ ಇಲ್ಲದ ಸಾಮಾನಿಗೆ ಅವರವರದೇ ಲೆಕ್ಕ. ಕತ್ತಲಲ್ಲಿ ಕೈ ಹಾಕಿದರೂ ಸಿಗಬೇಕು, ಅದಕ್ಕೆ ಪ್ರತಿ ವಸ್ತುವಿಗೂ ಒಂದೇ ಜಾಗ, ಅಪ್ಪನಾಣೆಗೂ ಬದಲಿಸಬಾರದು. ಫಿರಂಗಿ ತಿರುಗುವ ದಾರಿಗೆ ಅಡ್ಡ ಬರಬಾರದು, ಹಿಂದೆ ಎತ್ತರಕ್ಕೆ ಪೇರಿಸಿದರೆ ಆ ಕಡೆ ಫಿರಂಗಿ ಬಗ್ಗಲ್ಲ. ಮುಚ್ಚಳ ತೆಗೆಯುವ ಜಾಗ ಖಾಲಿ ಇರಬೇಕು, ಬೆಂಕಿ ಬಿದ್ದಾಗ ಹಾಸಿಗೆ ಎತ್ತಿಟ್ಟು ಹೊರಗೆ ಬರೋಕಾಗಲ್ಲ. ಎಂಜಿನ್ ಗಾಳಿ ಎಳೆಯುವ ಜಾಲರಿ ಮೇಲೆ ಮಾತ್ರ ಏನೂ ಇಡಬಾರದು. ಇದನ್ನು ಕೇಳಿದಾಗ ನಾನು ಬೇರೆ ಕಡೆ ನೋಡಿದೆ. ನನ್ನ ಮಾಡೆಲ್ಲಿನಲ್ಲಿ ಮೂರು ಹಾಸಿಗೆ ಸುರುಳಿ ಸರಿಯಾಗಿ ಅಲ್ಲೇ ಅಂಟಿಸಿದ್ದೆ.

"ಮಲಗೋದು ಎಲ್ಲಿ?" ಇವಳು ಕೇಳಿದಳು. ಟಾರ್ಪಾಲಿನ ಒಂದು ಅಂಚು ಟ್ಯಾಂಕಿನ ಮೇಲಕ್ಕೆ ಕಟ್ಟಿ, ಇನ್ನೊಂದು ಅಂಚು ನೆಲಕ್ಕೆ ಇಳಿಸಿ, ಪಕ್ಕದಲ್ಲಿ ಸಾಲಾಗಿ. ಟ್ಯಾಂಕಿನ ಅಡಿಯಲ್ಲಿ ಮಾತ್ರ ಬೇಡ, ಮೆತ್ತಗಿನ ನೆಲದಲ್ಲಿ ರಾತ್ರಿ ಅದು ಕುಸಿದರೆ ಮುಗೀತು. ಚಳಿಗಾಲದಲ್ಲಿ ಎಂಜಿನ್ನಿನ ಮೇಲೆ, ಅದು ಬಿಸಿ ಇರುವವರೆಗೆ.

ಅವರದೇ ಒಂದು ಅನುಭವ. ಜರ್ಮನಿಯ ಸೋಲ್ಟೌ ತರಬೇತಿ ಮೈದಾನದಲ್ಲಿ ರಾತ್ರಿ ದೀಪವಿಲ್ಲದೆ ಟ್ಯಾಂಕನ್ನು ಪೈನ್ ಕಾಡಿಗೆ ಹಿಂದಕ್ಕೆ ತೂರಿಸುವಾಗ ಒಂದು ಕೊಂಬೆ ಟರೆಟ್ಟಿನ ಹಿಂದಿನ ಬುಟ್ಟಿಯನ್ನು ಸವರಿಕೊಂಡು ಹೋಯಿತಂತೆ. ಬೆಳಿಗ್ಗೆ ನೋಡಿದರೆ ನಾಲ್ಕು ಜನರ ಸ್ಲೀಪಿಂಗ್ ಬ್ಯಾಗು ಮರದ ಮೇಲೆ. ಇಳಿಸೋಕೆ ಫಿರಂಗಿ ಕೊಳವೆಯನ್ನೇ ಮೇಲೆತ್ತಿ ಕೋಲಿನ ಹಾಗೆ ಬಳಸಿದರಂತೆ. ನಿಜವೋ ಬಣ್ಣವೋ, ಹೇಳಿದ ರೀತಿ ಚೆನ್ನಾಗಿತ್ತು.

ರಷ್ಯದ ಟಿ-34 ಮುಂದೆ ನಿಲ್ಲಿಸಿದರು. ಅದರ ಬದಿಯಲ್ಲಿ ಡೀಸೆಲ್ ಡ್ರಮ್ಮು ಕೂರುವ ಜಾಗ. ಯುದ್ಧಕಾಲದಲ್ಲಿ ಆ ಡ್ರಮ್ಮಿನಿಂದ ಎಂಜಿನ್ನಿಗೆ ಪೈಪು ಇರಲಿಲ್ಲ, ನಿಂತಾಗ ಕೈಯಲ್ಲೇ ಒಳಗೆ ತುಂಬಿಸಬೇಕಿತ್ತು. ಸೈನಿಕರು ಹಿಡಿದು ಕೂರೋಕೆ ಸುತ್ತ ಕಂಬಿ, ಮನುಷ್ಯರೂ ಹೊರಗಿನ ಸಾಮಾನೇ ಆದರು ಅನ್ನಿ. ಮತ್ತೆ ಹೂತಾಗ ಹೊರಬರೋಕೆ ಒಂದು ಮರದ ದಿಮ್ಮಿ. ಈಗಿನ ಟಿ-72, ಟಿ-90 ಟ್ಯಾಂಕುಗಳ ಹಿಂದೆಯೂ ಅದೇ ದಿಮ್ಮಿ ಕಟ್ಟಿರುತ್ತಾರೆ. "ಆ ಹಲಗೆ," ಅಂದಳು ಇವಳು ಮತ್ತೆ. ಬೀಟ್‌ರೂಟ್ ರೈತನ ಕಥೆ ಅವರಿಗೂ ಹೇಳಬೇಕಾಯಿತು.

ಕೊನೆಗೆ ಸೆಂಚೂರಿಯನ್. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಬ್ರಿಟಿಷ್ ಟ್ಯಾಂಕು. ಇದರೊಳಗೆ ಕರೆಂಟಿನಲ್ಲಿ ನೀರು ಕಾಯಿಸೋ ಪಾತ್ರೆ ಕೂರಿಸಿದರು, ಚಹಾಕ್ಕೆ ಹೊರಗೆ ಇಳಿಯೋದೇ ಬೇಡ. ಅದರ ಬಗ್ಗೆ ಮಾತಾಡುವಾಗ ಅವರ ದನಿಯಲ್ಲಿ ಇದ್ದ ಭಕ್ತಿ ಟೈಗರ್ ಬಗ್ಗೆ ಇರಲಿಲ್ಲ. "ಮಸಿ ಹಿಡಿದ ಕೆಟಲ್ ಹೊರಗಿನಿಂದ ಒಳಗೆ ಬಂತು. ನಮಗೆ ಅದೇ ದೊಡ್ಡ ಸುಧಾರಣೆ." ಆಮೇಲೆ ಏನೋ ನೆನಪಾದವರಂತೆ ಕೇಳಿದರು, "ನಿಮ್ಮ ಮಾಡೆಲ್ಲಿನಲ್ಲಿ ಕೆಟಲ್ ಎಲ್ಲಿಟ್ಟಿದ್ದೀರಿ?"

ಮುಂಭಾಗದಲ್ಲಿ, ಚಾಲಕನ ಕಣ್ಣೆದುರು ಅಂದೆ. ಅವರು ತಲೆ ಅಲ್ಲಾಡಿಸಿದರು. ಕೆಸರೆಲ್ಲ ಅದಕ್ಕೇ ಹಾರುತ್ತೆ, ಹಿಂದಕ್ಕೆ ಹಾಕಿ ಅಂದರು.

ಊರಿಗೆ ಬಂದ ಮೇಲಿನ ಮೊದಲ ಭಾನುವಾರ ಬ್ಲೇಡು ತಗೊಂಡು ಕೂತೆ. ಜಾಲರಿ ಮೇಲಿನ ಸುರುಳಿಗಳಲ್ಲಿ ಎರಡು ಬಂದವು, ಮೂರನೆಯದು ಅಂಟಿನ ಜೊತೆ ಜಾಲರಿಯನ್ನೂ ಕಿತ್ತುಕೊಂಡು ಬಂತು. ತಾಮ್ರದ ತಂತಿಯಿಂದ ಹನ್ನೆರಡು ಬಳೆ ಮಾಡಿ ಬೆಸೆದೆ. ಪಟ್ಟಿಗೆ ಇವಳು ಸೀರೆಯ ಫಾಲ್ಸಿನ ಅಂಚು ಕತ್ತರಿಸಿಕೊಟ್ಟಳು. ಕೆಟಲ್ ಮಾತ್ರ ಚಿಮಟದಿಂದ ಹಾರಿ ಎಲ್ಲೋ ಬಿತ್ತು. ಇಬ್ಬರೂ ಟಾರ್ಚ್ ಹಿಡಿದು ಮೇಜಿನಡಿ ಎಲ್ಲ ಹುಡುಕಿದೆವು, ಇನ್ನೂ ಸಿಕ್ಕಿಲ್ಲ.